ಕಾಳಿ, ಕರಿಯ ಮತ್ತು ಮೈಲಾರದ ದೋಣಿ

ನಮ್ಮ ಮನೆಯಲ್ಲಿ ಸಾಕಿದ ನಾಯಿಗಳಿಗೆಲ್ಲ ಒಂದೇ ಹೆಸರು, ಕರಿಯ. ಒಂದು ಸತ್ತರೆ ಮುಂದಿನದಕ್ಕೂ ಅದೇ. ನಾನು ಹೈಸ್ಕೂಲಿನಲ್ಲಿದ್ದಾಗ ಇದ್ದ ಕರಿಯ ಅಪ್ಪಟ ಬಿಳಿ ಬಣ್ಣದವನು. ಬಂದವರು ನಗುತ್ತಿದ್ದರು, ಅಜ್ಜನಿಗೆ ಅದರಲ್ಲಿ ನಗುವಂಥದ್ದೇನಿದೆ ಎಂದು ಅರ್ಥವಾಗುತ್ತಿರಲಿಲ್ಲ. ಉಚ್ಚಂಗಿದುರ್ಗದ ಕೋಟೆಯ ಕೆಳಗೆ ಕುರಿ ಕಾಯುವ ಮನೆ ನಮ್ಮದು. ಕರಿಯ ಎನ್ನುವುದು ನಾಯಿಯ ಹೆಸರಿಗಿಂತ ಹೆಚ್ಚಾಗಿ ಒಂದು ಹುದ್ದೆಯ ಹೆಸರಾಗಿತ್ತು.

ಆ ಹುದ್ದೆಗೆ ತರಬೇತಿಯೂ ಇತ್ತು. ಕಣ್ಣು ಬಿಟ್ಟು ಕೆಲವೇ ವಾರಗಳಾದ ಮರಿಯನ್ನು ತಂದು ಅಜ್ಜ ನೇರವಾಗಿ ಕುರಿಮರಿಗಳ ನಡುವೆ ಬಿಡುತ್ತಿದ್ದ. ಅವುಗಳ ಜೊತೆ ಮಲಗಿ, ಅವುಗಳ ವಾಸನೆ ಹಿಡಿದು, ದೊಡ್ಡ ಟಗರಿನಿಂದ ಒಂದೆರಡು ಸಲ ಗುದ್ದಿಸಿಕೊಂಡು ಅದು ಬೆಳೆಯಬೇಕು. ಸ್ವಲ್ಪ ದೊಡ್ಡದಾಗಿ ಮಂದೆ ಬಿಟ್ಟು ಮೊಲದ ಹಿಂದೆ ಓಡುವ ಚಾಳಿ ಶುರುವಾದರೆ ಕುತ್ತಿಗೆಗೆ ಒಂದು ಕೊರಡು. ಓಡಲು ಹೋದರೆ ಮುಂಗಾಲಿಗೆ ಬಡಿಯುತ್ತದೆ, ನಡೆಯಲು ಅಡ್ಡಿಯಿಲ್ಲ. ಅಷ್ಟೇ. ಕೂರು, ನಿಲ್ಲು, ಕೈ ಕೊಡು ಎಂದೆಲ್ಲ ಯಾರೂ ಕಲಿಸಲಿಲ್ಲ. ನಾನೊಮ್ಮೆ ಕೇಳಿದ್ದೆ, ತೋಳ ಬಂದಾಗ ಓಡಿಹೋಗಬಾರದು ಅಂತ ಅದಕ್ಕೆ ಹೆಂಗ ಗೊತ್ತಾಗ್ತೈತಿ ಅಂತ.

“ಅದು ಕುರಿ ಕಾಯಾಕ ನಿಂತಿರಲ್ಲ ಯವ್ವಾ. ತಾನೂ ಒಂದು ಕುರಿ ಅಂದ್ಕಂಡಿರ್ತೈತಿ. ತನ್ನ ಮಂದಿ ಬಿಟ್ಟು ಎಲ್ಲಿಗೆ ಹೋಗ್ತೈತಿ?”

ಊಟ, ಮನೆಯವರದೇ. ಬೆಳಿಗ್ಗೆ ಮಜ್ಜಿಗೆ ಕಲಸಿದ ಜೋಳದ ಅಂಬಲಿ, ರಾತ್ರಿ ಒಣರೊಟ್ಟಿಯ ಚೂರನ್ನು ಸಾರಿನಲ್ಲಿ ನೆನೆಸಿದ್ದು. ಮನೆಯಲ್ಲಿ ಕುರಿ ಕೊಯ್ದ ದಿನ ಅದಕ್ಕೂ ಹಬ್ಬ. ಬಾಗಿಲ ಪಕ್ಕದ ಕಲ್ಲಿನ ಬಾನಿಗೆ ಕರಿಯನ ಪಾಲು ಬೀಳದೆ ಅಜ್ಜಿ ತಾನು ತಟ್ಟೆ ಮುಂದೆ ಕೂರುತ್ತಿರಲಿಲ್ಲ. ಅದನ್ನು ಪ್ರೀತಿ ಎಂದು ಆಕೆ ಎಂದೂ ಕರೆದದ್ದಿಲ್ಲ.

ಎಂ.ಎ. ಓದುವಾಗ ಶಾಸನಗಳ ತರಗತಿಯಲ್ಲಿ ಆತಕೂರಿನ ಕಲ್ಲು ಎದುರಾದದ್ದು ಈ ಕರಿಯರನ್ನೆಲ್ಲ ತಲೆಯಲ್ಲಿಟ್ಟುಕೊಂಡಿದ್ದ ನನಗೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನದು. ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಶಕವರ್ಷ 872, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣ ಚೋಳರ ಮೇಲೆ ದಂಡೆತ್ತಿ ಹೋಗಿದ್ದಾನೆ; ತಕ್ಕೋಲದ ಕಾಳಗದಲ್ಲಿ ಗಂಗರ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದಿದ್ದಾನೆ. ಅದಕ್ಕೆ ಬೂತುಗನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಮೊದಲಾದ ನಾಡುಗಳು ಸಿಕ್ಕಿವೆ. ದಕ್ಷಿಣ ಭಾರತದ ರಾಜಕೀಯ ಇತಿಹಾಸ ಬರೆಯುವವರು ಈ ಕಲ್ಲನ್ನು ಬಿಡುವಂತಿಲ್ಲ. ಆದರೆ ಕಲ್ಲು ನಿಂತದ್ದು ಇದಕ್ಕಾಗಿ ಅಲ್ಲ. ಆ ಯುದ್ಧದಲ್ಲಿ ಬೂತುಗನ ಪರವಾಗಿ ಹೋರಾಡಿದ ಮಣಲೇರನಿಗೆ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಬೂತುಗ ಕೊಟ್ಟ. ಮುಂದೆ ಕೆಳಲೆನಾಡಿನ ಬೆಳತೂರಿನ ಪಡುವಣ ದಿಬ್ಬದ ಬಳಿ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ನಾಯಿ-ಹಂದಿಯ ಹೋರಾಟ ಕಲ್ಲಿನ ಮೇಲೇ ಕೆತ್ತಿದೆ.

ಪರೀಕ್ಷೆಗೆ ಬರುತ್ತಿದ್ದದ್ದು ತಕ್ಕೋಲ, ನಾಯಿಯಲ್ಲ. ಎರಡು ಅಂಕದ ಪ್ರಶ್ನೆಯಲ್ಲೂ ಕಾಳಿಗೆ ಜಾಗವಿರಲಿಲ್ಲ.

ಈ ಬೂತುಗನ ಮಗ ಇಮ್ಮಡಿ ಮಾರಸಿಂಹ ನಮ್ಮೂರಿನವರಿಗೆ ಪರಿಚಿತನಾಗಿರಬೇಕಿತ್ತು. ಉಚ್ಚಂಗಿ ಕೋಟೆ ನೊಳಂಬರ ಬಲವಾದ ನೆಲೆ. ಅದನ್ನು ಮುರಿದು ‘ನೊಳಂಬಕುಲಾಂತಕ’ ಎನಿಸಿಕೊಂಡವನು ಅವನು; ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನ ಅವನ ಉಚ್ಚಂಗಿ ವಿಜಯವನ್ನು ಹೊಗಳುತ್ತದೆ. ಉಚ್ಚಂಗೆಮ್ಮನ ಗುಡಿಗೆ ಮೆಟ್ಟಿಲು ಹತ್ತುವಾಗೆಲ್ಲ ನನಗೊಂದು ಯೋಚನೆ ಬರುತ್ತದೆ. ಅಪ್ಪನ ಅರಮನೆಯಲ್ಲಿ ಕಾಳಿಯಂಥ ನಾಯಿಗಳ ನಡುವೆ ಬೆಳೆದ ಹುಡುಗ ಈ ಬೆಟ್ಟ ಹತ್ತಿ ಬಂದಾಗ ಜೊತೆಯಲ್ಲಿ ನಾಯಿಗಳೂ ಇದ್ದವೇ? ಶಾಸನ ಅದನ್ನೆಲ್ಲ ಹೇಳುವುದಿಲ್ಲ. ಸಂಶೋಧಕಿ ಹೀಗೆಲ್ಲ ಊಹಿಸಬಾರದು ಎಂಬುದೂ ನನಗೆ ಗೊತ್ತು.

ಅರಮನೆಯವರಿಗೆ ನಾಯಿ ಆಟದ, ಬೇಟೆಯ ಸಂಗಾತಿ. ಹನ್ನೆರಡನೆಯ ಶತಮಾನದಲ್ಲಿ, ಉಚ್ಚಂಗಿಯ ಪಾಂಡ್ಯರು ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿದ್ದ ಕಾಲದಲ್ಲಿ, ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ರಾಜನ ವಿನೋದಗಳ ಸಾಲಿನಲ್ಲಿ ಕೋಳಿ, ಟಗರು, ಕೋಣಗಳ ಕಾಳಗದ ಜೊತೆಗೆ ಸಾರಮೇಯ ವಿನೋದಕ್ಕೂ ಒಂದು ಭಾಗ ಮೀಸಲಿಟ್ಟ. ಹಂಪಿಯ ಕತೆ ಇನ್ನೂ ಸ್ವಾರಸ್ಯದ್ದು. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಹದಿನಾರನೆಯ ಶತಮಾನದಲ್ಲಿ ಬರೆದುಕೊಂಡಂತೆ, ರಾಜ ಬೇಟೆಗೆ ಹೋದಾಗ ಒಂದು ಮೊಲ ಓಡುವ ಬದಲು ತಿರುಗಿ ನಾಯಿಗಳನ್ನೇ ಕಚ್ಚಿತಂತೆ. ಆ ನೆಲದಲ್ಲಿ ಊರು ಕಟ್ಟು ಎಂದು ಋಷಿ ಹೇಳಿದನಂತೆ. ಈ ಕತೆಯನ್ನು ಮೊಲದ ಕಡೆಯಿಂದಲೇ ಎಲ್ಲರೂ ಹೇಳುತ್ತಾರೆ. ಕಚ್ಚಿಸಿಕೊಂಡು ಹಿಂದೆ ಬಂದ ನಾಯಿಗಳನ್ನು ಆ ರಾತ್ರಿ ಯಾರು ನೋಡಿಕೊಂಡರು?

ಅರಸರ ಬೇಟೆನಾಯಿಯ ಜಾತಿ ಈಗ ನಮ್ಮ ಮನೆಗೂ ಬಂದಿದೆ, ಮುಧೋಳದ ಹೆಸರಿನಲ್ಲಿ. ದಾವಣಗೆರೆಯಲ್ಲಿರುವ ನಮ್ಮ ದೊಡ್ಡಪ್ಪನ ಮಗ ಒಂದು ಮರಿ ತಂದ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಈ ನಾಯಿ ಕೊಟ್ಟರೆಂಬ ಮಾತು, 2005ರ ಅಂಚೆ ಚೀಟಿ, 2016ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ಹೋದ ಮರಿಗಳು, ಎಲ್ಲ ಅವನಿಗೆ ಬಾಯಿಪಾಠ. ಗೊತ್ತಿಲ್ಲದ್ದು ಒಂದೇ, ಅದು ಕಣ್ಣಿನಿಂದ ಬೇಟೆಯಾಡುವ ನಾಯಿ ಎಂಬುದು. ಬಯಲಿನಲ್ಲಿ ದೂರದಲ್ಲಿ ಏನೋ ಅಲುಗಿದರೆ ಅದರ ಹಿಂದೆ ಬಿಟ್ಟ ಬಾಣದಂತೆ ಓಡಲೆಂದೇ ಆ ಉದ್ದನೆಯ ಕಾಲು, ಒಳಸೇದಿದ ಹೊಟ್ಟೆ, ಆಳವಾದ ಎದೆ. ಅವನು ಅದನ್ನು ಮೂರನೆಯ ಮಹಡಿಯ ತಾರಸಿಯಲ್ಲಿ ಕಟ್ಟಿ, ಪ್ಯಾಕೆಟ್ಟಿನ ಆಹಾರ ಹಾಕಿ, ಪಕ್ಕೆಲುಬು ಕಾಣುತ್ತವೆ ಎಂದು ಇನ್ನಷ್ಟು ಹಾಕಿದ. ಅದರ ಪಕ್ಕೆಲುಬು ಕಾಣುವುದೇ ಸರಿ ಎಂದು ಯಾರೂ ಹೇಳಿರಲಿಲ್ಲ. ನಾಯಿ ಭೇದಿ ಹತ್ತಿ ಸೊರಗಿತು, ಮುಟ್ಟಲು ಬಂದ ಅಪರಿಚಿತರಿಂದ ಹಿಂದೆ ಸರಿಯತೊಡಗಿತು. ಅಂಜುಬುರುಕ ನಾಯಿ ಕೊಟ್ಟು ಮೋಸ ಮಾಡಿದರು ಎಂದು ಇವನ ದೂರು. ಕೊನೆಗೆ ಅದು ನಮ್ಮೂರಿಗೆ ಬಂತು. ಅಜ್ಜಿ ಮೂರು ದಿನ ಬರೀ ಮಜ್ಜಿಗೆ ಅನ್ನ ಹಾಕಿದಳು. ನಾಲ್ಕನೆಯ ದಿನ ಕಲ್ಲೇಶಿ ಹೊಲದ ಬಯಲಿಗೆ ಬಿಟ್ಟಾಗ ಅದು ಓಡಿದ್ದನ್ನು ನಾನು ನೋಡಿದೆ. ನಾಲ್ಕೂ ಕಾಲು ನೆಲ ಬಿಟ್ಟಿದ್ದವು. ಸದ್ಯ, ಮೊಲ ಇರಲಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಈ ನಾಯಿಯ ಹುಟ್ಟು ಕಸುಬೇ ಅಪರಾಧ. ಮಂದೆಗೂ ಅದು ಒಗ್ಗಲಿಲ್ಲ. ಓಡುವ ಕುರಿಯನ್ನು ಕಂಡರೆ ಅದರ ಕಣ್ಣು ಬದಲಾಗುತ್ತಿತ್ತು. ಅಜ್ಜ ಅದಕ್ಕೆ ಕರಿಯ ಎಂದು ಹೆಸರಿಡಲಿಲ್ಲ.

ಇನ್ನು ನಾನು ಬಹಳ ದಿನ ಯಾರಿಗೂ ಹೇಳದೆ ಉಳಿಸಿಕೊಂಡದ್ದು.

ನಮ್ಮ ಮನೆದೇವರು ಹಡಗಲಿ ತಾಲ್ಲೂಕಿನ ಮೈಲಾರದ ಮೈಲಾರಲಿಂಗ. ನನ್ನ ಚಿಕ್ಕಪ್ಪ ಅಲ್ಲಿ ದೀಕ್ಷೆ ಪಡೆದ ಗೊರವ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕನಮರಡಿಯಲ್ಲಿ ಬಿಲ್ಲೇರಿ ನುಡಿಯುವ ಕಾರ್ಣಿಕ ಪತ್ರಿಕೆಗಳಲ್ಲಿ ಬರುತ್ತದೆ. ದೋಣಿ ತುಂಬಿಸುವ ಸೇವೆ ಅಷ್ಟಾಗಿ ಬರುವುದಿಲ್ಲ. ಹರಕೆ ಹೊತ್ತವರು ದೋಣಿಯ ಆಕಾರದ ಪಾತ್ರೆಗೆ ಹಾಲು, ತುಪ್ಪ, ಸಕ್ಕರೆ, ಬಾಳೆಹಣ್ಣು ಹಾಕುತ್ತಾರೆ. ಕಂಬಳಿ ತೊಟ್ಟು, ಭಂಡಾರ ಬಳಿದುಕೊಂಡ ಗೊರವರು ಮೊಣಕಾಲೂರಿ, ಬೊಗಳುತ್ತ, ಒಬ್ಬರ ಮೇಲೊಬ್ಬರು ಗುರುಗುಟ್ಟುತ್ತ ಬಾಯಿಂದಲೇ ಅದನ್ನು ತಿನ್ನುತ್ತಾರೆ. ಮಣಿ-ಮಲ್ಲಾಸುರರನ್ನು ಕೊಲ್ಲಲು ಏಳುಕೋಟಿ ದಂಡಿನೊಡನೆ ಬಂದ ಮೈಲಾರನ ನಾಯಿಗಳು ಅವರು. ಜೇಜೂರಿಯ ಖಂಡೋಬಾನ ವಾಘ್ಯಾಗಳು, ನಮ್ಮ ಕಡೆಯ ವಗ್ಗಯ್ಯಗಳು, ಎಲ್ಲರೂ ಅದೇ ಬಳಗ.

ಹಾಸ್ಟೆಲಿನಲ್ಲಿ ಯಾರೋ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ಎಲ್ಲರೂ ನಕ್ಕರು. ಅದರಲ್ಲಿ ಬೊಗಳುತ್ತಿದ್ದವನು ನನ್ನ ಚಿಕ್ಕಪ್ಪ. ನಾನೂ ನಕ್ಕೆ. ನಾಯಿ ಎನ್ನುವುದು ನಮ್ಮ ಭಾಷೆಯಲ್ಲಿ ದೊಡ್ಡ ಬೈಗುಳ. ಯಾರನ್ನು ಹಾಗೆ ಕರೆದರು, ಯಾರು ಕರೆಸಿಕೊಂಡರು ಎಂಬುದಕ್ಕೂ ಒಂದು ಇತಿಹಾಸವಿದೆ. ಅದು ಗೊತ್ತಿದ್ದೇ ನಕ್ಕೆ. ಪಿಎಚ್.ಡಿ.ಗೆ ವಿಷಯ ಆರಿಸುವಾಗ ಗೊರವರ ವಿಷಯ ಬಿಟ್ಟು ವೀರಗಲ್ಲುಗಳನ್ನು ತೆಗೆದುಕೊಂಡದ್ದಕ್ಕೆ ಬೇರೆ ಕಾರಣಗಳನ್ನು ನಾನು ಅಚ್ಚುಕಟ್ಟಾಗಿ ಬರೆದುಕೊಟ್ಟಿದ್ದೇನೆ.

ಆತಕೂರಿನ ಶಾಸನದ ಕೊನೆಯ ಸಾಲುಗಳನ್ನು ನಿಧಾನವಾಗಿ ಓದಿದ್ದು ಆಮೇಲೆ. ದಾನಶಾಸನಗಳ ಕೊನೆಯಲ್ಲಿ ಶಾಪ ಇರುವುದು ರೂಢಿ. ಕವಿಲೆ ಕೊಂದ ಪಾಪ, ವಾರಣಾಸಿಯಲ್ಲಿ ಬ್ರಾಹ್ಮಣನನ್ನು ಕೊಂದ ಪಾಪ, ಹೀಗೆ. ಇಲ್ಲಿಯ ಶಾಪ ಬೇರೆ. ಈ ಭೂಮಿಯನ್ನು ಕೆಡಿಸಿದವರಿಗೆ ಆ ನಾಯಿ ಮಾಡಿದ ಪಾಪ ತಟ್ಟಲಿ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ಆ ನಾಯಿಯ ಪಾಪ.

ಗೊರವ. ಅದೇ ಪದ. ಹತ್ತನೆಯ ಶತಮಾನದ ಗೊರವ ಎಂದರೆ ಶೈವ ತಪಸ್ವಿ, ಗುಡಿಯ ಅರ್ಚಕ. ಇಂದಿನ ಮೈಲಾರದ ಗೊರವನಿಗೂ ಅವನಿಗೂ ನೇರ ಗೆರೆ ಎಳೆಯುವುದು ಅವಸರದ ಕೆಲಸ. ಸಾವಿರ ವರ್ಷದಲ್ಲಿ ಪದದ ಒಳಗಿನ ಮನುಷ್ಯ ಬದಲಾಗಿರುತ್ತಾನೆ. ನನ್ನ ಪ್ರಬಂಧದಲ್ಲಿ ಹಾಗೆಯೇ ಬರೆಯುತ್ತೇನೆ. ಆದರೂ ಸತ್ತ ನಾಯಿಗೆ ದಿನವೂ ಪೂಜೆ ಸಲ್ಲಿಸುವ ಹೊಣೆ ಹೊತ್ತವನ ಹೆಸರು, ದೇವರ ನಾಯಿಯಾಗುವ ನನ್ನ ಚಿಕ್ಕಪ್ಪನ ಹೆಸರೇ ಎಂಬುದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಣಲೇರ ಒಡೆಯನಾಗಿದ್ದ, ಕಲ್ಲು ಹಾಕಿಸಿದ. ಮಂದೆ ಕಾದು, ತೋಳದ ಬಾಯಿಗೆ ಸಿಕ್ಕು ಸತ್ತ ಕರಿಯರನ್ನು ಅಜ್ಜ ಹೊಲದ ಬದುವಿನಲ್ಲಿ ಹೂಳಿದ. ಎಷ್ಟು ಮಂದಿ ಎಂದು ಅವನಿಗೇ ಲೆಕ್ಕವಿಲ್ಲ.

ಕೆಲವು ತಿಂಗಳ ನಂತರ ಚಿಕ್ಕಪ್ಪ ಆಸ್ಪತ್ರೆ ಕೆಲಸಕ್ಕೆ ಬೆಂಗಳೂರಿಗೆ ಬಂದಾಗ ಅವನನ್ನು ಆ ಕಲ್ಲಿನ ಮುಂದೆ ನಿಲ್ಲಿಸಿದೆ. ಓದಿ ಹೇಳಿದೆ. ತಕ್ಕೋಲ, ಕೃಷ್ಣ, ಬೂತುಗ ಯಾವುದೂ ಅವನಿಗೆ ಬೇಡವಾಗಿತ್ತು. ಹಂದಿಯ ಮೇಲೆ ಬಿದ್ದ ನಾಯಿಯನ್ನು ಬಹಳ ಹೊತ್ತು ನೋಡಿದ. ಗೊರವನ ಸಾಲು ಹೇಳಿದಾಗ ಮತ್ತೊಮ್ಮೆ ಓದು ಎಂದ.

“ಈಗ ಇದಕ್ಕ ಪೂಜಿ ಯಾರು ಮಾಡ್ತಾರ?”

“ಯಾರೂ ಇಲ್ಲ ಕಾಕಾ. ಮ್ಯೂಸಿಯಂ ಅಲ್ಲನು.”

ಅವನು ಭಂಡಾರದ ಚೀಲಕ್ಕೆ ಕೈ ಹಾಕಿದ. ಮುಟ್ಟಬಾರದು ಎಂಬ ಫಲಕ ತೋರಿಸಿದೆ. ಚಿಟಿಕೆ ಭಂಡಾರವನ್ನು ತನ್ನ ಹಣೆಗೇ ಹಚ್ಚಿಕೊಂಡು ಕೈ ಮುಗಿದ. ಹೊರಗೆ ಬಂದಾಗ ಹನ್ನೊಂದು ಗಂಟೆ. ಬೆಳಿಗ್ಗೆಯಿಂದ ಇಬ್ಬರೂ ಏನೂ ತಿಂದಿರಲಿಲ್ಲ.

“ಈಗ ಏನರ ತಿನ್ನಾಣು ನಡಿ,” ಅಂದ.