ದಣಿವಿನ ಅಂಕಿ, ಅಂಕಿಯ ಹಿಂದಿನ ಗೆರೆ: ಕೋವಿಡ್ ಕಾಲದ ಆಶಾ ಕಾರ್ಯಕರ್ತೆಯರನ್ನು ಮುಂದಿಟ್ಟುಕೊಂಡು

ಕೋವಿಡ್ ಕಾಲದಲ್ಲಿ ಆರೋಗ್ಯ ಸಿಬ್ಬಂದಿಯ ಮಾನಸಿಕ ದಣಿವನ್ನು (ಬರ್ನ್‌ಔಟ್) ಕುರಿತು ನಡೆದ ಅಧ್ಯಯನಗಳಲ್ಲಿ ಶೇಕಡಾವಾರು ಅಂಕಿಗಳಿಗೆ ಕೊರತೆಯಿಲ್ಲ. ಅವು ಯಾವ ಪ್ರಶ್ನಾವಳಿಯಿಂದ ಬಂದವು, ಎಲ್ಲಿ ಗೆರೆ ಎಳೆದು ‘ದಣಿದವರು’ ಎಂದು ಎಣಿಸಲಾಯಿತು ಎಂಬುದನ್ನು ನೋಡದೆ ಅವುಗಳನ್ನು ನಂಬುವಂತಿಲ್ಲ. ಸೋಂಕು ಬರುವ ಮೊದಲೇ, 2018ರಲ್ಲಿ, ವೈದ್ಯರ ಬರ್ನ್‌ಔಟ್ ಬಗೆಗಿನ 182 ಅಧ್ಯಯನಗಳ ಸಮೀಕ್ಷೆಯೊಂದು ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಆ ಅಧ್ಯಯನಗಳಲ್ಲಿ ಬರ್ನ್‌ಔಟ್‌ಗೆ 142 ಬಗೆಯ ವ್ಯಾಖ್ಯೆಗಳಿದ್ದವು. ಕಂಡುಬಂದ ಪ್ರಮಾಣ ಸೊನ್ನೆಯಿಂದ ಶೇ. 80.5ರವರೆಗೆ ಇತ್ತು. ಇಷ್ಟು ದೊಡ್ಡ ಅಂತರಕ್ಕೆ ವೈದ್ಯರ ಬದುಕಿನ ವ್ಯತ್ಯಾಸವೊಂದೇ ಕಾರಣವಾಗಿರಲಾರದು.

ಈ ದಣಿವನ್ನು ಅಳೆಯುವ ಪ್ರಶ್ನಾವಳಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಮ್ಯಾಸ್ಲಾಕ್ ಮಾಪನ 1981ರದು. ಕೋಪನ್‌ಹೇಗನ್ ಮಾಪನ 2005ರಲ್ಲಿ ಬಂತು. ಇದರ 19 ಪ್ರಶ್ನೆಗಳು ಸ್ವಂತ ದಣಿವು, ಕೆಲಸದ ದಣಿವು, ಸೇವೆ ಪಡೆಯುವವರಿಂದ ಬರುವ ದಣಿವು ಎಂದು ಮೂರು ಭಾಗವಾಗಿವೆ. ಉತ್ತರಗಳಿಗೆ 0ರಿಂದ 100ರವರೆಗೆ ಅಂಕ ಕೊಟ್ಟು ಸರಾಸರಿ ತೆಗೆಯುತ್ತಾರೆ. 50 ಮತ್ತು ಅದಕ್ಕಿಂತ ಹೆಚ್ಚು ಬಂದವರನ್ನು ಸಾಮಾನ್ಯವಾಗಿ ಬರ್ನ್‌ಔಟ್ ಆದವರ ಸಾಲಿಗೆ ಸೇರಿಸುತ್ತಾರೆ. ಸ್ವಂತ ದಣಿವಿನ ಆರೂ ಪ್ರಶ್ನೆಗಳಿಗೆ ‘ಕೆಲವೊಮ್ಮೆ’ ಎಂದು ಉತ್ತರಿಸಿದವರ ಸರಾಸರಿ ಸರಿಯಾಗಿ 50. ಒಂದೇ ಒಂದು ಪ್ರಶ್ನೆಗೆ ‘ಅಪರೂಪಕ್ಕೆ’ ಎಂದರೆ ಅವರು ಗೆರೆಯ ಕೆಳಗಿಳಿಯುತ್ತಾರೆ. ಸಂಶೋಧಕರು ಬರೀ ಶೇಕಡಾವಾರು ಪ್ರಕಟಿಸಿ ಸರಾಸರಿ ಅಂಕವನ್ನೂ ಅದರ ಹರವನ್ನೂ ಕೊಡದಿದ್ದರೆ ಓದುಗನಿಗೆ ಇದು ತಿಳಿಯುವುದೇ ಇಲ್ಲ.

ಈ ಅಳತೆಯನ್ನು ಆಶಾ ಕಾರ್ಯಕರ್ತೆಯರಿಗೆ ಅನ್ವಯಿಸಿದಾಗ ತೊಡಕು ಇನ್ನೂ ಸ್ಪಷ್ಟವಾಗುತ್ತದೆ. ಮನೆಮನೆ ಸಮೀಕ್ಷೆ, ಹೊರಗಿನಿಂದ ಬಂದವರ ಪಟ್ಟಿ, ಕ್ವಾರಂಟೈನ್‌ನಲ್ಲಿ ಇದ್ದವರ ವಿಚಾರಣೆ, ಇದರ ಜತೆಗೆ ಬಸುರಿ ಬಾಣಂತಿಯರ ಮಾಮೂಲಿ ಕೆಲಸ, ಎಲ್ಲವೂ ಅವರ ಹೆಗಲಿಗೆ ಬಿತ್ತು. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಮಾಹಿತಿ ಕೇಳಲು ಹೋದವರ ಮೇಲೆ ಹಲ್ಲೆಯಾಯಿತು. ಅದೇ ವರ್ಷದ ಜುಲೈನಲ್ಲಿ ರಾಜ್ಯದ ಆಶಾಗಳು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಿದರು. ಕೋಪನ್‌ಹೇಗನ್ ಮಾಪನದ ಒಂದು ಪ್ರಶ್ನೆ, ಬಿಡುವಿನ ವೇಳೆಯಲ್ಲಿ ಮನೆಯವರ, ಗೆಳೆಯರ ಜತೆ ಕಳೆಯಲು ಚೈತನ್ಯ ಉಳಿದಿರುತ್ತದೆಯೇ ಎಂದು ಕೇಳುತ್ತದೆ. ಹೊರಗಿನ ಕೆಲಸ ಮುಗಿಸಿ ಬಂದು ಒಲೆ ಹಚ್ಚುವವಳಿಗೆ ಬಿಡುವು ಯಾವುದು? ಸೇವೆ ಪಡೆಯುವವರ ಭಾಗವೂ ಅಷ್ಟೇ ಕಷ್ಟ: ಇಲ್ಲಿ ಅವರು ಪಕ್ಕದ ಮನೆಯವರು, ನಂಟರು, ಸೋಂಕಿನ ಭಯದಲ್ಲಿ ಆಕೆಯನ್ನೇ ದೂರ ಇಟ್ಟವರು. ಗೌರವಧನ ಬಾಕಿ ಉಳಿದ ತಿಂಗಳ ಆತಂಕಕ್ಕೆ ಈ 19 ಪ್ರಶ್ನೆಗಳಲ್ಲಿ ಜಾಗವಿಲ್ಲ.

ಹೇಳಿಕೆಗಳನ್ನು ಬಿಟ್ಟು ಪ್ರತಿಕ್ರಿಯೆಯ ವೇಗವನ್ನೇ ಅಳೆಯುವ ಜಾಗರೂಕತಾ ಪರೀಕ್ಷೆಗಳಿವೆ. ಅರ್ಧ ಸೆಕೆಂಡು ಮೀರಿದ ತಡವನ್ನು ಅವು ಲೋಪವೆಂದು ಎಣಿಸುತ್ತವೆ. ನಿದ್ದೆಗೆಟ್ಟ ಮಿದುಳಿನ ಬಗ್ಗೆ ಅವು ಚೆನ್ನಾಗಿ ಹೇಳಬಲ್ಲವು. ಅವಮಾನದಿಂದ ಬಂದ ದಣಿವನ್ನು ಅವು ಹಿಡಿಯುತ್ತವೆಂದು ನನಗೆ ಅನ್ನಿಸುವುದಿಲ್ಲ.

ಸೋಂಕಿಗೆ ಮುಂಚಿನ ಅಳತೆ ಇಲ್ಲದಿದ್ದರೆ, 2020ರಲ್ಲಿ ಕಂಡ ದಣಿವಿನಲ್ಲಿ ಕೋವಿಡ್‌ನ ಪಾಲೆಷ್ಟು, ಹಳೆಯ ದುಡಿಮೆಯ ಪಾಲೆಷ್ಟು ಎಂದು ಬೇರ್ಪಡಿಸಲಾಗದು. ಆದ್ದರಿಂದ ಮುಂದಿನ ಸೋಂಕಿಗೆ ಕಾಯದೆ ಈಗಲೇ ಅಳೆಯಬೇಕು. ಪ್ರಶ್ನೆಗಳನ್ನು ಮೊದಲು ಆಶಾಗಳ ಮುಂದಿಟ್ಟು ತಿದ್ದಬೇಕು, ಮಾಪನ ಯಾವುದು, ಗೆರೆ ಎಲ್ಲಿ, ಅಳೆದ ತಿಂಗಳು ಯಾವುದು ಎಂಬುದನ್ನು ಪ್ರತಿ ಅಂಕಿಯ ಜತೆಗೇ ಅಚ್ಚು ಹಾಕಬೇಕು.