‘ನಾಯಕ್’ ಎಂಬ ಕಿರುಪದವಿ

ಅಲಂಕಾರಶಾಸ್ತ್ರದ ಮಹಾಕಾವ್ಯನಾಯಕನು ದೇವನೋ ಸದ್ವಂಶದ ಕ್ಷತ್ರಿಯನೋ ಆಗಿರಬೇಕು. ಭಾರತೀಯ ಸೇನೆಯ ‘ನಾಯಕ್’ ಹಾಗಲ್ಲ. ಸಿಪಾಯಿಯಾಗಿ ಸೇರಿ ತೋಳಿನ ಮೇಲೆ ಎರಡು ಪಟ್ಟಿ ಪಡೆದವನು. ಅವನ ಮಾತಿಗೆ ಒಳಪಟ್ಟವರು ಬೆರಳೆಣಿಕೆಯ ಮಂದಿ.

1948ರ ಫೆಬ್ರವರಿ 6ರ ನಸುಕಿನಲ್ಲಿ, ಜಮ್ಮು ಪ್ರಾಂತದ ನೌಶೇರಾ ಬಳಿಯ ತೈನ್‌ಧಾರ್ ಬೆಟ್ಟದ ಮುಂಚೂಣಿ ಕಾವಲುಠಾಣೆಯಲ್ಲಿ ಇದ್ದವರು ಒಂಬತ್ತೇ ಜನ. ರಜಪೂತ್ ರೆಜಿಮೆಂಟಿನ ನಾಯಕ್ ಜದುನಾಥ ಸಿಂಗ್ ಅವರ ಮುಂದಾಳು. ಶತ್ರುಗಳ ಮೊದಲ ದಾಳಿಯಲ್ಲಿ ನಾಲ್ವರು ಗಾಯಗೊಂಡರು. ಸಿಂಗರು ಆ ಜರ್ಜರಿತ ತಂಡವನ್ನೇ ಮತ್ತೆ ಹೊಂದಿಸಿ ನಿಲ್ಲಿಸಿದರು. ಲೋಕಸ್ಮೃತಿಯಲ್ಲಿ ಉಳಿದದ್ದು ಅವರ ಕೊನೆಯ ಸಾಹಸ. ಆದರೆ ನಾಯಕತ್ವವನ್ನು ಅರಸುವವರು ನೋಡಬೇಕಾದದ್ದು ಎರಡು ದಾಳಿಗಳ ನಡುವಣ ಈ ಬಿಡುವನ್ನು. ಪರಮವೀರ ಚಕ್ರದ ಪ್ರಶಸ್ತಿಪತ್ರವೂ, ಮೆಚ್ಚತಕ್ಕ ಮಾತು, ಇದನ್ನು ಮರೆತಿಲ್ಲ.

ಎರಡನೆಯ ದಾಳಿಯ ವೇಳೆಗೆ ಗಾಯಗೊಳ್ಳದವರೇ ಇರಲಿಲ್ಲ. ಬಲತೋಳಿಗೆ ಪೆಟ್ಟಾಗಿದ್ದರೂ ಸಿಂಗರು ಗಾಯಾಳುವಿನ ಬ್ರೆನ್ ಗನ್ನನ್ನು ತಾವೇ ವಹಿಸಿಕೊಂಡರು. ಠಾಣೆಯ ಗೋಡೆಯವರೆಗೂ ಬಂದಿದ್ದ ಶತ್ರುಗಳು ಹಿಮ್ಮೆಟ್ಟಿದರು. ಮೂರನೆಯ ದಾಳಿ ಬಂದಾಗ ಮುನ್ನಡೆಸಲು ತಂಡವೇ ಉಳಿದಿರಲಿಲ್ಲ. ಸ್ಟೆನ್ ಗನ್ ಹಿಡಿದು ಒಬ್ಬರೇ ಹೊರಬಿದ್ದು, ಎದುರಾಳಿಗಳನ್ನು ಚದುರಿಸಿ, ತಲೆಗೂ ಎದೆಗೂ ಗುಂಡು ತಗಲಿ ಅಲ್ಲಿಯೇ ಮಡಿದರು. ನೌಶೇರಾ ಉಳಿಯಿತು.