ಲಿವರ್‌ಪೂಲಿನ ಷೇಖ್: ಅಬ್ದುಲ್ಲಾ ಕ್ವಿಲ್ಲಿಯಂ ಮತ್ತು ಬ್ರಿಟನ್ ಮುಸ್ಲಿಮರ ಪ್ರಾತಿನಿಧ್ಯದ ಪ್ರಶ್ನೆ

ಪೀಠಿಕೆ

ಒಂದು ಧರ್ಮದಲ್ಲೇ ಹುಟ್ಟಿ ಬೆಳೆದವರ ಪರವಾಗಿ, ದೊಡ್ಡವನಾದ ಮೇಲೆ ಆ ಧರ್ಮವನ್ನು ಒಪ್ಪಿ ಬಂದವನೊಬ್ಬ ಮಾತನಾಡಬಹುದೇ? ಮಾತನಾಡಿದರೆ ಆ ಅಧಿಕಾರವನ್ನು ಅವನಿಗೆ ಕೊಟ್ಟವರು ಯಾರು? ಯೂರೋಪಿನ ಮುಸ್ಲಿಂ ಅಲ್ಪಸಂಖ್ಯಾತರ ಚರಿತ್ರೆಯಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಬ್ರಿಟನ್ನಿನಲ್ಲಿ ಅದು ಮೊದಲು ಬಹಿರಂಗವಾಗಿ ಎದ್ದದ್ದು 19ನೆಯ ಶತಮಾನದ ಕೊನೆಯ ದಶಕದಲ್ಲಿ, ಲಿವರ್‌ಪೂಲಿನ ವಕೀಲ ವಿಲಿಯಂ ಹೆನ್ರಿ ಕ್ವಿಲ್ಲಿಯಂ ಅವರ ಸುತ್ತ. ಇಸ್ಲಾಂ ಸ್ವೀಕರಿಸಿ ಅಬ್ದುಲ್ಲಾ ಕ್ವಿಲ್ಲಿಯಂ ಆದ ಅವರು ಬ್ರಿಟಿಷ್ ದ್ವೀಪಗಳ ಷೇಖ್-ಉಲ್-ಇಸ್ಲಾಂ, ಅಂದರೆ ಅಲ್ಲಿನ ಮುಸ್ಲಿಮರ ಧಾರ್ಮಿಕ ಮುಖ್ಯಸ್ಥ, ಎಂದು ಕರೆಸಿಕೊಂಡರು. ಈ ಪದವಿಯ ಹಿಂದೆ ಆಟೊಮನ್ ಸುಲ್ತಾನನ ಮುದ್ರೆಯಿತ್ತು, ಆದರೆ ಅದಕ್ಕೆ ಅರ್ಥ ಬಂದದ್ದು ಲಿವರ್‌ಪೂಲಿನ ಬಡವರ ಹಾಗೂ ನಾವಿಕರ ನಡುವೆ ನಡೆದ ಕೆಲಸದಿಂದ ಎಂಬುದು ಈ ಲೇಖನದ ವಾದ. ಅವರು ಕಟ್ಟಿದ ಸಂಸ್ಥೆ ಅವರೊಂದಿಗೇ ಏಕೆ ಕುಸಿಯಿತು ಎಂಬುದನ್ನೂ ಇಲ್ಲಿ ಪರಿಶೀಲಿಸಲಾಗಿದೆ.

ಬಂದರು, ಮದ್ಯಪಾನ ವಿರೋಧ ಮತ್ತು ಮತಾಂತರ

ಕ್ವಿಲ್ಲಿಯಂ ಹುಟ್ಟಿದ್ದು 1856ರಲ್ಲಿ, ಲಿವರ್‌ಪೂಲಿನಲ್ಲೇ. ಮನೆತನದ ಮೂಲ ಐಲ್ ಆಫ್ ಮ್ಯಾನ್ ದ್ವೀಪ. ಮತ ವೆಸ್ಲಿಯನ್ ಮೆಥಡಿಸ್ಟ್. ಮದ್ಯಪಾನ ವಿರೋಧ ಚಳವಳಿ ಆ ಮನೆಯ ಉಸಿರಾಗಿತ್ತು, ಹುಡುಗ ಅದರ ವೇದಿಕೆಗಳಲ್ಲೇ ಭಾಷಣ ಕಲೆಯನ್ನು ರೂಢಿಸಿಕೊಂಡ. 1878ರಲ್ಲಿ ವಕೀಲಿಕೆಗೆ ಅರ್ಹತೆ ಪಡೆದು, ಕ್ರಿಮಿನಲ್ ಮೊಕದ್ದಮೆಗಳಲ್ಲಿ ಹೆಸರು ಮಾಡಿದರು. ಆಗಿನ ಲಿವರ್‌ಪೂಲ್ ಸಾಮ್ರಾಜ್ಯದ ಹೆಬ್ಬಾಗಿಲುಗಳಲ್ಲೊಂದು. ಹತ್ತಿ, ಸಕ್ಕರೆ, ಚಹಾ ಇಳಿಯುತ್ತಿದ್ದ ಹಡಗುಕಟ್ಟೆಗಳ ಬೆನ್ನಿಗೇ ಹಸಿವು, ಕುಡಿತ, ಅನಾಥ ಮಕ್ಕಳು.

1880ರ ದಶಕದಲ್ಲಿ ಆರೋಗ್ಯ ಸುಧಾರಣೆಗೆಂದು ಕೈಗೊಂಡ ಪ್ರಯಾಣ ಅವರನ್ನು ಮೊರಾಕ್ಕೊಗೆ ಕರೆದೊಯ್ದಿತು. ಹೆಂಡವನ್ನು ಧರ್ಮವೇ ನಿಷೇಧಿಸಿದ್ದ ಸಮಾಜವೊಂದನ್ನು ಅವರು ಅಲ್ಲಿ ಕಣ್ಣಾರೆ ಕಂಡರು. ಲಿವರ್‌ಪೂಲಿನ ಸುಧಾರಕರು ವರ್ಷಗಟ್ಟಲೆ ಬೋಧಿಸಿಯೂ ಸಾಧಿಸಲಾಗದ್ದು ಇಲ್ಲಿ ದಿನನಿತ್ಯದ ನಡವಳಿಕೆಯಾಗಿದೆ ಎಂಬ ಅರಿವು ಅವರನ್ನು ಆಳವಾಗಿ ತಟ್ಟಿತು. 1887ರಲ್ಲಿ ಅವರು ಇಸ್ಲಾಮನ್ನು ಒಪ್ಪಿದರು. ಹೀಗಾಗಿ ಅವರ ಮತಾಂತರವನ್ನು ಹಳೆಯದರಿಂದ ಪೂರ್ತಿ ಕಳಚಿಕೊಂಡ ಕ್ರಿಯೆಯೆಂದು ಓದುವುದು ಸರಿಯಲ್ಲ. ಮೆಥಡಿಸ್ಟ್ ಮನೆಯ ನೈತಿಕ ಕಳಕಳಿಯೇ ಹೊಸ ನೆಲೆಯನ್ನು ಹುಡುಕಿಕೊಂಡಿತು. ಮುಂದೆ ಅವರು ಕೈಗೊಂಡ ಕೆಲಸಗಳೆಲ್ಲ ಇದನ್ನೇ ಹೇಳುತ್ತವೆ.

ಇಸ್ಲಾಮಿನ ಬಗ್ಗೆ ಅವರ ಮೊದಲ ಸಭೆಗಳು ನಡೆದದ್ದೂ ಮದ್ಯಪಾನ ವಿರೋಧಿಗಳ ಸಭಾಂಗಣದಲ್ಲೇ. ಆ ಉಪನ್ಯಾಸಗಳನ್ನು ಕೇಳಿ ಬಂದವರಲ್ಲಿ ಎಲಿಜಬೆತ್ ಕೇಟ್ಸ್ ಎಂಬ ತರುಣಿ ಪ್ರಮುಖಳು. ಫಾತಿಮಾ ಎಂಬ ಹೆಸರು ಪಡೆದ ಆಕೆ, ಕ್ವಿಲ್ಲಿಯಂ ಕಟ್ಟಿದ ಲಿವರ್‌ಪೂಲ್ ಮುಸ್ಲಿಂ ಸಂಸ್ಥೆಯ ಮೊದಲ ಖಜಾಂಚಿಯಾದಳು. 1900ರಲ್ಲಿ ತೀರಿಕೊಂಡ ಈ ಮಹಿಳೆಯ ಪಾತ್ರವನ್ನು ಚರಿತ್ರಕಾರರು ಬಹುಕಾಲ ಗಮನಿಸಲಿಲ್ಲ. ಸಂಸ್ಥೆ ಕ್ವಿಲ್ಲಿಯಂ ಒಬ್ಬರದೇ ಸೃಷ್ಟಿ ಎಂಬ ಭಾವನೆ ಬೇರೂರಲು ಈ ಮರೆವೂ ಕಾರಣ.

ಬ್ರೂಮ್ ಟೆರೇಸಿನ ಮನೆ

1889ರ ಡಿಸೆಂಬರ್ 25ರಂದು ವೆಸ್ಟ್ ಡರ್ಬಿ ರಸ್ತೆಯ ಬ್ರೂಮ್ ಟೆರೇಸಿನ 8ನೆಯ ನಂಬರಿನ ಮನೆಯಲ್ಲಿ ಸಂಸ್ಥೆ ನೆಲೆಯೂರಿತು. ಹಿಂಭಾಗದ ಕೋಣೆ ಮಸೀದಿಯಾಯಿತು. ಊರೆಲ್ಲ ಕ್ರಿಸ್‌ಮಸ್ ಆಚರಿಸುತ್ತಿದ್ದ ಆ ದಿನ ಇಲ್ಲಿ ಬಡ ಮಕ್ಕಳನ್ನು ಕರೆದು ಊಟ ಹಾಕಲಾಯಿತು. ಅದೇ ವರ್ಷ ಲಂಡನ್ನಿಗೆ ಹತ್ತಿರದ ವೋಕಿಂಗ್‌ನಲ್ಲಿ ಪ್ರಾಚ್ಯವಿದ್ವಾಂಸ ಜಿ. ಡಬ್ಲ್ಯೂ. ಲೈಟ್ನರ್ ಅವರು ಭೋಪಾಲದ ಷಾಹಜಹಾನ್ ಬೇಗಂ ಕೊಟ್ಟ ನೆರವಿನಿಂದ ಮಸೀದಿ ಕಟ್ಟಿಸಿದ್ದರು. ವೋಕಿಂಗ್‌ನದು ಗುಮ್ಮಟವಿದ್ದ ಸುಂದರ ಕಟ್ಟಡ, ಆದರೆ ಅದರ ಸುತ್ತ ನೆಲೆನಿಂತ ಜಮಾತು ಇರಲಿಲ್ಲ. ಲಿವರ್‌ಪೂಲಿನದು ಸಾಮಾನ್ಯ ವಸತಿ ಮನೆ, ಆದರೆ ಅಲ್ಲಿ ವಾರವಿಡೀ ಜನರಿದ್ದರು. ಪ್ರಾತಿನಿಧ್ಯದ ಪ್ರಶ್ನೆಗೆ ಈ ವ್ಯತ್ಯಾಸ ಮುಖ್ಯ.

ಅಲ್ಲಿನ ದಿನಚರಿಯನ್ನು ಹತ್ತಿರದಿಂದ ನೋಡಬೇಕು. ಶುಕ್ರವಾರ ಜುಮ್ಮಾ ನಮಾಜು. ಭಾನುವಾರ ಸಂಜೆ ಕ್ರೈಸ್ತರಿಗೂ ಪರಿಚಿತವಾದ ಧಾಟಿಯ ಸಭೆ: ಚರ್ಚಿನಲ್ಲಿ ಹಾಡುತ್ತಿದ್ದ ಕೀರ್ತನೆಗಳಲ್ಲಿ ಇಸ್ಲಾಮಿಗೆ ಹೊಂದದ ಮಾತುಗಳನ್ನು ತೆಗೆದು ಹಾಡುತ್ತಿದ್ದರು, ಉಪನ್ಯಾಸ ಇರುತ್ತಿತ್ತು, ಆಮೇಲೆ ಆಸಕ್ತರು ಉಳಿದು ನಮಾಜು ಮಾಡುತ್ತಿದ್ದರು. ಶಾಲೆ, ಗ್ರಂಥಾಲಯ, ಮುದ್ರಣಾಲಯ, ವಸ್ತುಸಂಗ್ರಹ ಒಂದೊಂದಾಗಿ ಸೇರಿಕೊಂಡವು. ತಾಯಂದಿರು ಸಾಕಲಾಗದ ಮಕ್ಕಳಿಗಾಗಿ ‘ಮದೀನಾ ಹೋಂ’ ಎಂಬ ಆಶ್ರಯಧಾಮ ತೆರೆಯಿತು. ಇತ್ತ ಕಿಟಕಿಯಿಂದ ಆಜಾನ್ ಕೂಗಿದವರ ಮೇಲೆ ಕೆಳಗಿನ ಜನ ಕಲ್ಲು, ಕೆಸರು ತೂರಿದ್ದೂ ಉಂಟು. ಮತಾಂತರಗೊಂಡ ಇಂಗ್ಲಿಷಿನವರನ್ನು ಊರು ಪರಕೀಯರಿಗಿಂತ ಹೆಚ್ಚು ಅನುಮಾನದಿಂದ ಕಂಡಿತು, ಅವರು ತಮ್ಮವರನ್ನೇ ಬಿಟ್ಟುಹೋದವರೆಂಬ ಸಿಟ್ಟು ಅದಕ್ಕಿತ್ತು.

ಮುದ್ರಣವು ಈ ಪುಟ್ಟ ಸಮುದಾಯದ ದನಿಯನ್ನು ದೂರಕ್ಕೆ ಮುಟ್ಟಿಸಿತು. 1889ರಲ್ಲಿ ಕ್ವಿಲ್ಲಿಯಂ ಬರೆದ ‘ದಿ ಫೇತ್ ಆಫ್ ಇಸ್ಲಾಂ’ ಎಂಬ ಕಿರುಹೊತ್ತಗೆ ಹಲವು ಭಾಷೆಗಳಿಗೆ ಅನುವಾದವಾಯಿತು. 1893ರಲ್ಲಿ ‘ದಿ ಕ್ರೆಸೆಂಟ್’ ವಾರಪತ್ರಿಕೆ, ಅದರ ಜೊತೆಗೇ ‘ದಿ ಇಸ್ಲಾಮಿಕ್ ವರ್ಲ್ಡ್’ ಮಾಸಪತ್ರಿಕೆ ಆರಂಭವಾದವು. ಸ್ಥಳೀಯ ಪತ್ರಿಕೆ ಇಸ್ಲಾಮನ್ನು ಹಳಿದರೆ ಮುಂದಿನ ವಾರವೇ ಉತ್ತರ ಬರುತ್ತಿತ್ತು, ಅದೂ ನ್ಯಾಯಾಲಯದಲ್ಲಿ ಪಳಗಿದ ಇಂಗ್ಲಿಷಿನಲ್ಲಿ. ವಲಸಿಗ ಮುಸ್ಲಿಮರಿಗೆ ಆ ಕಾಲದಲ್ಲಿ ಇಲ್ಲದಿದ್ದ ಸಾಧನ ಇದೇ. ಕಾನೂನು, ಪತ್ರಿಕೆ, ವೇದಿಕೆ ಈ ಮೂರರ ಒಳದಾರಿಗಳನ್ನೂ ಬಲ್ಲ ಒಬ್ಬ ವ್ಯಕ್ತಿ ಅವರ ಕಡೆ ನಿಂತಿದ್ದ.

ಭಾರತದ ನಂಟು: ಲಷ್ಕರಿಗಳು ಮತ್ತು ಬರಕತುಲ್ಲಾ

ಕ್ವಿಲ್ಲಿಯಂ ಪ್ರತಿನಿಧಿಸಿದವರು ಯಾರು ಎಂದರೆ ಸಾಮಾನ್ಯವಾಗಿ ಮತಾಂತರಿತ ಇಂಗ್ಲಿಷಿನವರ ಕಡೆಗೆ ಬೆರಳು ತೋರಿಸಲಾಗುತ್ತದೆ. ಅವರ ಕಾಲದಲ್ಲಿ ಇಸ್ಲಾಂ ಸೇರಿದವರು ಸುಮಾರು 600 ಮಂದಿ ಎಂಬ ಅಂದಾಜಿದೆ. ಆದರೆ ಅದೇ ಬಂದರಿನಲ್ಲಿ ಇನ್ನೊಂದು ಮುಸ್ಲಿಂ ಲೋಕವಿತ್ತು. ಬಂಗಾಳ, ಗುಜರಾತ್, ಯೆಮನ್ ಕಡೆಯಿಂದ ಬಂದ ಲಷ್ಕರಿಗಳು ಹಡಗಿನ ಕುಲುಮೆಗೆ ಕಲ್ಲಿದ್ದಲು ತುಂಬುತ್ತ, ಇಂಗ್ಲಿಷ್ ನಾವಿಕರಿಗೆ ಸಿಗುತ್ತಿದ್ದ ಕೂಲಿಗಿಂತ ತೀರ ಕಡಿಮೆಗೆ ದುಡಿಯುತ್ತಿದ್ದವರು. ಚಳಿಗೆ, ಕಾಯಿಲೆಗೆ ಸಿಕ್ಕಿ ಲಿವರ್‌ಪೂಲಿನಲ್ಲಿ ಪ್ರಾಣಬಿಟ್ಟರೆ ಅವರ ಕಡೆಯವರೆಂದು ಬರುವವರು ಯಾರೂ ಇರುತ್ತಿರಲಿಲ್ಲ.

ಕ್ವಿಲ್ಲಿಯಂ ಅಂಥವರ ಜನಾಜಾ ನಮಾಜನ್ನು ನಡೆಸಿ, ಇಸ್ಲಾಮಿನ ವಿಧಿಯಂತೆ ಮಣ್ಣು ಮಾಡಿಸಿದರು. ನಿಕಾಹ್‌ಗಳನ್ನು ನೆರವೇರಿಸಿದರು. ಸತ್ತವನ ಹೆಸರನ್ನು ಸರಿಯಾಗಿ ಬರೆಸುವುದು, ಕಿಬ್ಲಾ ದಿಕ್ಕಿಗೆ ಮುಖಮಾಡಿ ಮಲಗಿಸುವುದು, ಕೊನೆಯ ಪ್ರಾರ್ಥನೆ ಹೇಳುವುದು ಮಂಡಿಸಬಹುದಾದ ಯಾವ ಮನವಿಪತ್ರಕ್ಕಿಂತಲೂ ದೊಡ್ಡ ಪ್ರಾತಿನಿಧ್ಯ. ಅಲ್ಪಸಂಖ್ಯಾತರ ಹಕ್ಕು ಎಂಬುದು ಶುರುವಾಗುವುದೇ ಗೌರವದ ಮದುವೆ ಮತ್ತು ಗೌರವದ ಸಾವಿನಿಂದ.

ಭಾರತದ ಇನ್ನೊಂದು ಎಳೆ ಭೋಪಾಲದ ಮೌಲವಿ ಮುಹಮ್ಮದ್ ಬರಕತುಲ್ಲಾ ಅವರದು. 1890ರ ದಶಕದಲ್ಲಿ ಅವರು ಲಿವರ್‌ಪೂಲ್ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಇದೇ ಬರಕತುಲ್ಲಾ 1915ರಲ್ಲಿ ಕಾಬೂಲಿನಲ್ಲಿ ರಚನೆಯಾದ, ರಾಜಾ ಮಹೇಂದ್ರ ಪ್ರತಾಪ್ ಅಧ್ಯಕ್ಷತೆಯ ಭಾರತದ ತಾತ್ಕಾಲಿಕ ಸರ್ಕಾರದ ಪ್ರಧಾನಿಯಾದರು. ಬ್ರೂಮ್ ಟೆರೇಸಿನ ಮನೆ ಬರೀ ಪ್ರಾರ್ಥನೆಯ ಜಾಗವಾಗಿರದೆ ವಸಾಹತುಶಾಹಿಯ ಬಗ್ಗೆ ಯೋಚಿಸುವವರು ಸೇರುವ ತಾಣವೂ ಆಗಿತ್ತೆಂಬುದಕ್ಕೆ ಇದು ಸಾಕ್ಷಿ.

ಸುಲ್ತಾನನ ಪದವಿ, ರಾಣಿಯ ಪ್ರಜೆ

1894ರಲ್ಲಿ ಆಟೊಮನ್ ಸುಲ್ತಾನ ಎರಡನೆಯ ಅಬ್ದುಲ್ ಹಮೀದ್ ಕ್ವಿಲ್ಲಿಯಂ ಅವರಿಗೆ ಬ್ರಿಟಿಷ್ ದ್ವೀಪಗಳ ಷೇಖ್-ಉಲ್-ಇಸ್ಲಾಂ ಪದವಿಯನ್ನು ಕೊಟ್ಟ. ಅದೇ ವರ್ಷ ಅವರು ಸುಲ್ತಾನನ ದೂತರಾಗಿ ಪಶ್ಚಿಮ ಆಫ್ರಿಕದ ಲಾಗೋಸಿಗೆ ಹೋಗಿ, ಅಲ್ಲಿ ಮಸೀದಿ ಕಟ್ಟಿಸಿದ ವ್ಯಾಪಾರಿ ಮುಹಮ್ಮದ್ ಷಿಟ್ಟಾ ಅವರಿಗೆ ‘ಬೇ’ ಬಿರುದನ್ನು ಮುಟ್ಟಿಸಿದರು. 1895ರಲ್ಲಿ ಅಫ್ಘಾನಿಸ್ತಾನದ ಅಮೀರನ ಮಗ ನಸರುಲ್ಲಾ ಖಾನ್ ಲಿವರ್‌ಪೂಲಿಗೆ ಬಂದು ಸಂಸ್ಥೆಗೆ 2,500 ಪೌಂಡ್ ದಾನ ಕೊಟ್ಟ. ಪರ್ಷಿಯಾದ ಷಾ ಕೂಡ ಕ್ವಿಲ್ಲಿಯಂ ಅವರನ್ನು ಲಿವರ್‌ಪೂಲಿನ ಕಾನ್ಸಲ್ ಆಗಿ ನೇಮಿಸಿದ.

ಇಷ್ಟೆಲ್ಲ ಮಾನ್ಯತೆಯಲ್ಲಿ ಒಂದು ತೊಡಕಿತ್ತು. ಪದವಿ, ಹಣ, ಬಿರುದು ಎಲ್ಲವೂ ದೂರದ ಅರಮನೆಗಳಿಂದ ಬಂದವು. ಬ್ರಿಟನ್ನಿನ ಮುಸ್ಲಿಮರು ಸಭೆ ಸೇರಿ ಆರಿಸಿದ್ದಲ್ಲ, ಬ್ರಿಟಿಷ್ ಸರ್ಕಾರ ಒಪ್ಪಿ ಗುರುತಿಸಿದ್ದೂ ಅಲ್ಲ. ಆಟೊಮನ್ ಸಾಮ್ರಾಜ್ಯ ಮತ್ತು ಬ್ರಿಟನ್ ಹೊಂದಿಕೊಂಡಿದ್ದಷ್ಟು ದಿನ ಈ ತೊಡಕು ಕಾಣಲಿಲ್ಲ. ಖಲೀಫನಾದ ಸುಲ್ತಾನನಿಗೂ ರಾಣಿಗೂ ಒಟ್ಟಿಗೇ ನಿಷ್ಠನಾಗಿರಬಹುದು ಎಂಬ ಕ್ವಿಲ್ಲಿಯಂ ನಿಲುವು ನಿಂತದ್ದೇ ಆ ಹೊಂದಾಣಿಕೆಯ ಮೇಲೆ.

1896ರ ಪರೀಕ್ಷೆ

1896ರಲ್ಲಿ ಆ ನೆಲೆ ಅಲುಗಿತು. ಸುಡಾನಿನ ಮಹದಿ ಅನುಯಾಯಿಗಳ ರಾಜ್ಯದ ಮೇಲೆ ಕಿಚನರ್ ನೇತೃತ್ವದ ಆಂಗ್ಲೋ-ಈಜಿಪ್ಟ್ ಸೇನೆ ದಂಡೆತ್ತಿ ಹೊರಟಿತು. ಸೇನೆಯಲ್ಲಿದ್ದವರು ಬಹುಪಾಲು ಈಜಿಪ್ಟ್ ಮತ್ತು ಸುಡಾನಿನ ಮುಸ್ಲಿಂ ಸಿಪಾಯಿಗಳು. ಸುವಾಕಿನ್ ಬಂದರಿನ ಕಾವಲಿಗೆ ಭಾರತದಿಂದಲೂ ಪಡೆ ಹೋಯಿತು. ಮುಸ್ಲಿಮರ ವಿರುದ್ಧ ಮುಸ್ಲಿಮೇತರರಿಗಾಗಿ ಶಸ್ತ್ರ ಹಿಡಿಯುವುದು, ನೆರವಾಗುವುದು ಧರ್ಮಕ್ಕೆ ವಿರುದ್ಧವೆಂದು ಕ್ವಿಲ್ಲಿಯಂ ಆ ಮಾರ್ಚ್‌ನಲ್ಲಿ ಫತ್ವಾ ಹೊರಡಿಸಿದರು. ರಾಜದ್ರೋಹದ ಆಪಾದನೆ ಕೇಳಿಬಂತು. ಆದರೆ ಅವರು ಹಿಂದೆ ಸರಿಯಲಿಲ್ಲ. ಸಾಮ್ರಾಜ್ಯದ ಒಳಗಿನ ಬಿಳಿಯನೊಬ್ಬ, ಸಾಮ್ರಾಜ್ಯಕ್ಕೆ ಸಿಪಾಯಿಗಳಾಗಿ ಬಳಕೆಯಾಗುತ್ತಿದ್ದವರ ಮನಸ್ಸಾಕ್ಷಿಯ ಪರವಾಗಿ ಮಾತನಾಡಿದ ಈ ನಿದರ್ಶನಕ್ಕೆ ಆ ಕಾಲದಲ್ಲಿ ಸಾಟಿ ಕಡಿಮೆ.

ಅದೇ ವರ್ಷಗಳು ಅವರ ಮಿತಿಯನ್ನೂ ತೋರಿಸಿದವು. 1894ರಿಂದ 1896ರವರೆಗೆ ಆಟೊಮನ್ ಸಾಮ್ರಾಜ್ಯದಲ್ಲಿ ಆರ್ಮೇನಿಯನ್ನರ ಹತ್ಯಾಕಾಂಡಗಳು ನಡೆದವು. 1896ರ ಸೆಪ್ಟೆಂಬರಿನಲ್ಲಿ ವಯೋವೃದ್ಧ ಮಾಜಿ ಪ್ರಧಾನಿ ಗ್ಲಾಡ್‌ಸ್ಟನ್ ಲಿವರ್‌ಪೂಲಿಗೇ ಬಂದು ಅವನ್ನು ಖಂಡಿಸಿ ಭಾಷಣ ಮಾಡಿದರು. ಕ್ವಿಲ್ಲಿಯಂ ಮಾತ್ರ ಸುಲ್ತಾನನ ಸಮರ್ಥನೆಗೆ ನಿಂತರು. ಬ್ರಿಟಿಷ್ ರಾಜಕಾರಣಿಗಳ ಮಾತಿನಲ್ಲಿ ಇಸ್ಲಾಂ ದ್ವೇಷ ಬೆರೆತಿತ್ತು ಎಂಬ ಅವರ ಗ್ರಹಿಕೆ ಸುಳ್ಳಲ್ಲ. ಆದರೆ ಆ ದ್ವೇಷವನ್ನು ತೋರಿಸಿ ಸತ್ತವರ ಲೆಕ್ಕವನ್ನು ಬದಿಗೆ ಸರಿಸಿದ್ದು ತಪ್ಪು. ಪದವಿ ಕೊಟ್ಟವನ ಋಣ ಪ್ರತಿನಿಧಿಯ ನ್ಯಾಯಪ್ರಜ್ಞೆಯನ್ನು ಕಟ್ಟಿಹಾಕಿತು. ಅವರ ಸಾಧನೆಯನ್ನು ಮೆಚ್ಚುವ ಬರಹಗಳು ಈ ಭಾಗವನ್ನು ಹಾರಿಸಿಬಿಡುವುದು ಸಂಶೋಧನೆಗೆ ಸಲ್ಲದ ನಡೆ.

ಕುಸಿತ ಮತ್ತು ಮರುಹುಟ್ಟು

1908ರಲ್ಲಿ ಕ್ವಿಲ್ಲಿಯಂ ಇದ್ದಕ್ಕಿದ್ದಂತೆ ಇಸ್ತಾಂಬುಲಿಗೆ ಹೊರಟುಹೋದರು. ವಿಚ್ಛೇದನ ಮೊಕದ್ದಮೆಯೊಂದರಲ್ಲಿ ವಕೀಲಿ ನಡವಳಿಕೆ ಮೀರಿದರೆಂದು 1909ರಲ್ಲಿ ಅವರ ಹೆಸರನ್ನು ವಕೀಲರ ಪಟ್ಟಿಯಿಂದ ತೆಗೆಯಲಾಯಿತು. ಅದೇ ವರ್ಷ ಅಬ್ದುಲ್ ಹಮೀದ್ ಪದಚ್ಯುತನಾದ. ‘ದಿ ಕ್ರೆಸೆಂಟ್’ ನಿಂತಿತು, ಬ್ರೂಮ್ ಟೆರೇಸಿನ ಆಸ್ತಿ ಕೈಬಿಟ್ಟುಹೋಯಿತು, ಜಮಾತು ಚದುರಿತು. ಇಪ್ಪತ್ತು ವರ್ಷ ಬೆಳೆದ ಸಂಸ್ಥೆಗೆ ಎರಡನೆಯ ಸಾಲಿನ ನಾಯಕತ್ವವಾಗಲಿ, ಸ್ವತಂತ್ರ ಟ್ರಸ್ಟಾಗಲಿ ಇರಲಿಲ್ಲ. ಕ್ವಿಲ್ಲಿಯಂ ಆಮೇಲೆ ಇಂಗ್ಲೆಂಡಿಗೆ ಮರಳಿ ಹೆನ್ರಿ ಲಿಯೋನ್ ಎಂಬ ಬೇರೊಂದು ಹೆಸರಿನಲ್ಲಿ ಬದುಕಿ, 1932ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಸಮಾಧಿ ಇರುವುದು ವೋಕಿಂಗ್ ಬಳಿಯ ಬ್ರೂಕ್‌ವುಡ್‌ನಲ್ಲಿ.

ಅಷ್ಟರಲ್ಲಿ ಕೇಂದ್ರ ವೋಕಿಂಗ್‌ಗೆ ಸರಿದಿತ್ತು. ಲಾಹೋರಿನ ಖ್ವಾಜಾ ಕಮಾಲುದ್ದೀನ್ ಅಲ್ಲಿ ಮಿಷನ್ ಆರಂಭಿಸಿದರು. 1913ರಲ್ಲಿ ಇಸ್ಲಾಂ ಸೇರಿದ ಲಾರ್ಡ್ ಹೆಡ್ಲಿ ಮರುವರ್ಷ ಬ್ರಿಟಿಷ್ ಮುಸ್ಲಿಂ ಸೊಸೈಟಿ ಕಟ್ಟಿದರು. 1917ರಲ್ಲಿ ಮತಾಂತರವನ್ನು ಬಹಿರಂಗಪಡಿಸಿದ ಲೇಖಕ ಮಾರ್ಮಡ್ಯೂಕ್ ಪಿಕ್ತಾಲ್ ಮುಂದೆ ಭಾರತಕ್ಕೆ ಬಂದು, ನಿಜಾಮರ ಹೈದರಾಬಾದಿನಲ್ಲಿ ವರ್ಷಗಟ್ಟಲೆ ದುಡಿದರು. ಬೀದರ್, ಕಲಬುರಗಿ, ರಾಯಚೂರು ಆಗ ಅದೇ ಸಂಸ್ಥಾನದ ಜಿಲ್ಲೆಗಳು. ಪಿಕ್ತಾಲರ ಕುರ್‌ಆನ್ ಇಂಗ್ಲಿಷ್ ಅನುವಾದ 1930ರಲ್ಲಿ ಹೊರಬಂತು.

20ನೆಯ ಶತಮಾನದ ಕೊನೆಗೆ ಯೂರೋಪಿನ ಬೇರೆ ದೇಶಗಳಲ್ಲಿ ಮತಾಂತರಿತರ ಪ್ರಾತಿನಿಧ್ಯದ ಚಿತ್ರ ಬದಲಾಯಿತು. 1992ರಲ್ಲಿ ಸ್ಪೇನ್ ಸರ್ಕಾರ ಅಲ್ಲಿನ ಇಸ್ಲಾಮಿಕ್ ಆಯೋಗದೊಂದಿಗೆ ಮಾಡಿಕೊಂಡ ಒಪ್ಪಂದ ಕಾನೂನಿನ ರೂಪ ಪಡೆಯಿತು. ಅದರ ಹಿಂದೆ ದುಡಿದವರಲ್ಲಿ ಮತಾಂತರಿತ ಮನೋವೈದ್ಯ ಮನ್ಸೂರ್ ಎಸ್ಕುದೆರೊ ಒಬ್ಬರು. ಜರ್ಮನಿಯಲ್ಲಿ ಇಸ್ಲಾಂ ಸ್ವೀಕರಿಸಿದ್ದ ಅಯ್ಯೂಬ್ ಆಕ್ಸೆಲ್ ಕೋಲರ್ 2006ರಿಂದ 2010ರವರೆಗೆ ಅಲ್ಲಿನ ಮುಸ್ಲಿಮರ ಕೇಂದ್ರ ಮಂಡಳಿಯ ಅಧ್ಯಕ್ಷರಾಗಿದ್ದರು. ಕ್ವಿಲ್ಲಿಯಂ ಅವರಿಗೂ ಇವರಿಗೂ ಇರುವ ಅಂತರ ಸ್ಪಷ್ಟ. ಕೋಲರ್ ಅಧಿಕಾರ ಸಂಘಟನೆಯದು. ಅವಧಿ ಮುಗಿದಾಗ ಐಮನ್ ಮಜಯೆಕ್ ಆ ಸ್ಥಾನಕ್ಕೆ ಬಂದರು, ಮಂಡಳಿ ಮುಂದುವರಿಯಿತು.

ಉಪಸಂಹಾರ

ಮತಾಂತರಿತ ಪ್ರತಿನಿಧಿಯ ಬಗ್ಗೆ ಎರಡು ಕಡೆಯಿಂದಲೂ ಸಂಶಯ ಸಹಜ. ಬಹುಸಂಖ್ಯಾತರಿಗೆ ಅವನು ಬಿಟ್ಟುಹೋದವನು, ಹುಟ್ಟು ಮುಸ್ಲಿಮರಿಗೆ ತಡವಾಗಿ ಬಂದವನು. ಕ್ವಿಲ್ಲಿಯಂ ಚರಿತ್ರೆ ಈ ಸಂಶಯಕ್ಕೆ ಕೊಡುವ ಉತ್ತರ ನೇರವಾಗಿದೆ: ಹುಟ್ಟು ಪ್ರಾತಿನಿಧ್ಯದ ಅರ್ಹತೆಯಲ್ಲ, ಬಿರುದೂ ಅಲ್ಲ. ಜನರ ಮದುವೆ, ಸಾವು, ಮಕ್ಕಳು, ಮರ್ಯಾದೆಯ ಹೊಣೆ ಹೊರುವವನಿಗೆ ಮಾತನಾಡುವ ಹಕ್ಕು ಬರುತ್ತದೆ, ಆ ಹಕ್ಕು ಉಳಿಯಬೇಕಾದರೆ ಅದು ವ್ಯಕ್ತಿಯಿಂದ ಸಂಸ್ಥೆಗೆ ದಾಟಬೇಕು. ಕ್ವಿಲ್ಲಿಯಂ ಮೊದಲನೆಯದನ್ನು ಸಾಧಿಸಿದರು, ಎರಡನೆಯದರಲ್ಲಿ ಸೋತರು.

ರಾನ್ ಗೀವ್ಸ್ 2010ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯ ನಂತರ ಈ ವಿಷಯದ ಅಧ್ಯಯನ ಚುರುಕಾಗಿದೆ. ಆದರೆ ಲಷ್ಕರಿಗಳ ಕಡೆಯಿಂದ ಬರೆದ ಚರಿತ್ರೆ ಇನ್ನೂ ತೆಳುವಾಗಿದೆ. ಭಾರತದ ಸಂಶೋಧಕರು ಕೈಹಾಕಬೇಕಾದ ಕೆಲಸ ಅದು. ಬ್ರೂಮ್ ಟೆರೇಸಿನ ಕಟ್ಟಡ ದಶಕಗಳ ಕಾಲ ನಗರದ ಜನನ, ಮರಣ, ವಿವಾಹ ನೋಂದಣಿ ಕಚೇರಿಯಾಗಿತ್ತು. ಅಬ್ದುಲ್ಲಾ ಕ್ವಿಲ್ಲಿಯಂ ಸೊಸೈಟಿಯ ಪ್ರಯತ್ನದಿಂದ 2014ರಲ್ಲಿ ಅಲ್ಲಿ ಮತ್ತೆ ನಮಾಜು ಆರಂಭವಾಯಿತು.